ಪ್ರತಿಕ್ರಿಯೆ: ಕಬಡ್ಡಿ ಹುಡುಗ ರಗ್ಬಿ ಫಾರ್ವರ್ಡ್ ಆಗಬಹುದೇ?
ಹಾಸನದಲ್ಲಿ ಕಬಡ್ಡಿ ಆಡುವ ನಿಮ್ಮ ಮಗ ರಗ್ಬಿ ಫಾರ್ವರ್ಡ್ ಆಗಿ ಬದುಕು ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಡಲಿ ಸರ್, ಆದರೆ ಓದು ಬಿಡಿಸಬೇಡಿ.

ಹದಿನೈದು ಜನರ ತಂಡದಲ್ಲಿ 1ರಿಂದ 8ನೇ ಸಂಖ್ಯೆಯ ಅಂಗಿಯವರು ಫಾರ್ವರ್ಡ್‌ಗಳು, ಅಂದರೆ ಚೆಂಡಿಗಾಗಿ ಮುಂದೆ ನಿಂತು ಸೆಣಸುವವರು. ಎರಡೂ ತಂಡಗಳ ಫಾರ್ವರ್ಡ್‌ಗಳು ಹೆಣೆದುಕೊಂಡು ಚೆಂಡಿಗಾಗಿ ಎದುರುಬದುರು ತಳ್ಳಾಡುವುದೇ ಸ್ಕ್ರಮ್. ಅದರಲ್ಲಿ ಮುಂದಿನ ಸಾಲಿನ ಅಂಚಿನಲ್ಲಿರುವ ಪ್ರಾಪ್ ಎಂಬ ಆಟಗಾರನನ್ನು ಎದುರಾಳಿಗಳು ಒತ್ತುತ್ತಿರುವಾಗಲೇ ಹಿಂದಿನಿಂದ ತಮ್ಮವರೂ ನೂಕುತ್ತಾರೆ. ಭಾರವೆಲ್ಲ ಕತ್ತು, ಭುಜಗಳ ಮೇಲೆ. ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ತಳ್ಳುವುದನ್ನು ಕಲಿಸುವ ಗುರುವಿಲ್ಲದೆ ಅದಕ್ಕೆ ಇಳಿಸಲೇಬೇಡಿ.

ನ್ಯೂಜಿಲೆಂಡ್‌ನ ಫಾರ್ವರ್ಡ್ ರಿಚಿ ಮೆಕಾವ್ 2001ರಿಂದ 2015ರವರೆಗೆ 148 ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿದರು, ಅಂಥವರು ವಿರಳ. ನಮ್ಮಲ್ಲಿ 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್ ಏಳು ಜನರ ಆಟ. ಅಲ್ಲಿ ತೂಕಕ್ಕಿಂತ ಓಟ ಮುಖ್ಯ. ಕಬಡ್ಡಿಯಲ್ಲಿ ತೊಡೆ ಹಿಡಿದು ಕೆಡವುವ ಅಭ್ಯಾಸ ಅವನಿಗೆ ದೊಡ್ಡ ಆಸ್ತಿ, ಏಕೆಂದರೆ ರಗ್ಬಿಯಲ್ಲಿ ಭುಜಕ್ಕಿಂತ ಮೇಲೆ ಹಿಡಿದರೆ ತಪ್ಪು. ಬೆಂಗಳೂರಿನ ಕ್ಲಬ್‌ಗಳಲ್ಲಿ ಒಮ್ಮೆ ವಿಚಾರಿಸಿ.