ಬ್ಲೂ ರಿಡ್ಜ್ ಪಾರ್ಕ್‌ವೇ: ಲಾರಿಗಳಿಲ್ಲದ ಬೆಟ್ಟದ ದಾರಿ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಕ್ಟೋಬರ್‌ನಲ್ಲಿ ನಮ್ಮನ್ನು ಅಪಲಾಚಿಯನ್ ಬೆಟ್ಟಗಳ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಕರೆದೊಯ್ಯುವುದಾಗಿ ಹೇಳಿದ್ದಾಳೆ. ಸುಮಾರು 755 ಕಿ.ಮೀ. ಉದ್ದದ ಈ ರಸ್ತೆಯನ್ನು ಒಂದೇ ದಿನದಲ್ಲಿ ಮುಗಿಸಬಹುದೇ? ದಾರಿಯಲ್ಲಿ ಪೆಟ್ರೋಲ್ ಸಿಗುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಒಂದೇ ದಿನದಲ್ಲಿ ಮುಗಿಸುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಿಂದ ನಾರ್ತ್ ಕೆರೊಲಿನಾದ ಚೆರೋಕಿಯವರೆಗೆ ಬಹುಪಾಲು ಬೆಟ್ಟದ ಏಣಿನ ಮೇಲೆಯೇ ಸಾಗುವ ಈ ರಸ್ತೆಯಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 72 ಕಿ.ಮೀ. ಮಾತ್ರ, ಸರಕು ಲಾರಿಗಳಿಗೆ ಪ್ರವೇಶವಿಲ್ಲ, ಪೆಟ್ರೋಲ್ ಬಂಕ್ ಒಂದೂ ಇಲ್ಲ. ಇಂಧನಕ್ಕೂ ಬಹುಮಟ್ಟಿಗೆ ಊಟಕ್ಕೂ ಪಕ್ಕದ ಸಣ್ಣ ಊರುಗಳಿಗೆ ಹೊರಳಬೇಕು, ಅದೇ ಈ ಪ್ರಯಾಣದ ಸೊಗಸು ಕೂಡ. ವರ್ಜೀನಿಯಾದ ಫ್ಲಾಯ್ಡ್‌ಗೆ ಸಾಧ್ಯವಾದರೆ ಶುಕ್ರವಾರವೇ ತಲುಪಿ: ಅಲ್ಲಿನ ಹಳೆಯ ದಿನಸಿ ಅಂಗಡಿಯೊಂದರಲ್ಲಿ ಅಂದು ಸಂಜೆ ಬ್ಯಾಂಜೊ, ಪಿಟೀಲು ನುಡಿಯುತ್ತವೆ, ಊರಿನವರು ಮರದ ನೆಲದ ಮೇಲೆ ಬೂಟು ಕುಟ್ಟಿ ಕುಣಿಯುತ್ತಾರೆ.

1935ರಲ್ಲಿ ಆರಂಭವಾದ ಈ ರಸ್ತೆ ಪೂರ್ಣಗೊಂಡದ್ದು 1987ರಲ್ಲಿ. ಕೊನೆಗೆ ಉಳಿದದ್ದು ಗ್ರ್ಯಾಂಡ್‌ಫಾದರ್ ಪರ್ವತದ ಭಾಗ. ಅದರ ಬಂಡೆಗಳನ್ನು ಒಡೆಯಬಾರದೆಂದು, 153 ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಇಳಿಜಾರಿನ ಪಕ್ಕದಲ್ಲಿ ತೇಲುವಂತೆ ಕಾಣುವ ಲಿನ್ ಕೋವ್ ಸೇತುವೆಯನ್ನು ಕಟ್ಟಲಾಯಿತು. ಅಲ್ಲಿ ಕಾರು ನಿಲ್ಲಿಸಿ ಕೆಳಗಿನ ಕಾಲುದಾರಿಯಿಂದ ನೋಡದೆ ಬರಬೇಡಿ.

2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತದಿಂದ ನಾರ್ತ್ ಕೆರೊಲಿನಾ ಭಾಗದಲ್ಲಿ ಭಾರಿ ಭೂಕುಸಿತಗಳಾದವು. ಆದ್ದರಿಂದ ಹೊರಡುವ ಮುನ್ನ ಯಾವ ಭಾಗಗಳು ತೆರೆದಿವೆ ಎಂಬುದನ್ನು ರಾಷ್ಟ್ರೀಯ ಉದ್ಯಾನ ಇಲಾಖೆಯ ಪ್ರಕಟಣೆಯಲ್ಲಿ ಮಗಳಿಂದ ನೋಡಿಸಿಕೊಳ್ಳಿ.