ಕಿತ್ತಳೆ, ನಿಂಬೆ ಎಣ್ಣೆ: ಎಲ್ಲಿಗೆ ಎಷ್ಟು ಹನಿ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಮನೆ. ಮಳೆ ಹಿಡಿದರೆ ಬೀರು, ಟ್ರಂಕು ಎಲ್ಲಾ ಮುಗ್ಗಲು ವಾಸನೆ. ಮಗಳು ಕಿತ್ತಳೆ ಮತ್ತು ನಿಂಬೆಯ ಎಸೆನ್ಶಿಯಲ್ ಆಯಿಲ್ ತರಿಸಿಕೊಟ್ಟಿದ್ದಾಳೆ. ನೀರಿಗೆ ಹಾಕಿ ಬಟ್ಟೆಗೆ ಸ್ಪ್ರೇ ಮಾಡಬಹುದಾ? ನೆಲ ಒರೆಸೋಕೂ ಆಗುತ್ತಾ?

ಉತ್ತರ: ಬಟ್ಟೆಗೆ ಬೇಡ ಮೇಡಂ. ಆ ಸೀಸೆಯಲ್ಲಿರೋದು ನಿಂಬೆ ರಸ ಅಲ್ಲ, ಸಿಪ್ಪೆಯ ಎಣ್ಣೆ. ಎಷ್ಟು ಅಲ್ಲಾಡಿಸಿದರೂ ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬಂದು ತೇಲುತ್ತದೆ. ಸ್ಪ್ರೇ ಮಾಡಿದರೆ ಒಂದು ಕಡೆ ಬರೀ ನೀರು, ಇನ್ನೊಂದು ಕಡೆ ಬರೀ ಎಣ್ಣೆ ಬಿದ್ದು ರೇಷ್ಮೆ ಸೀರೆಗೆ ಕಲೆಯಾಗಬಹುದು.

ಅದೂ ಅಲ್ಲದೆ ಮುಗ್ಗಲು ವಾಸನೆ ಬರೋದು ಬೂಸ್ಟಿನಿಂದ, ಬೂಸ್ಟು ಬರೋದು ತೇವದಿಂದ. ತೇವ ಹಾಗೇ ಇಟ್ಟುಕೊಂಡು ಮೇಲೆ ಪರಿಮಳ ಹಾಕಿದರೆ ಎರಡೂ ಸೇರಿ ಇನ್ನೂ ಕೆಟ್ಟ ವಾಸನೆ. ಮೊದಲು ಬೀರು ಖಾಲಿ ಮಾಡಿ ಒಣ ಬಟ್ಟೆಯಲ್ಲಿ ಒರೆಸಿ. ಬಿಸಿಲು ಇಲ್ಲದಿದ್ದರೆ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ. ಗೋಡೆಗೆ ಅಂಟಿಕೊಂಡಿದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ, ಹಿಂದೆ ಗಾಳಿ ಆಡಲಿ. ಆಮೇಲೆ ಒಂದು ಸ್ಟೀಲ್ ಬಟ್ಟಲಲ್ಲಿ ಹತ್ತಿ ಇಟ್ಟು ಕಿತ್ತಳೆ ಎಣ್ಣೆ 2-3 ಹನಿ ಹಾಕಿ, ಬಟ್ಟೆಗೆ ತಾಗದ ಹಾಗೆ ಮೂಲೆಯಲ್ಲಿಡಿ. ಈ ಎಣ್ಣೆಗಳ ವಾಸನೆ ಬೇಗ ಹಾರಿಹೋಗುತ್ತದೆ, ಆಗಾಗ ಹಾಕುತ್ತಿರಬೇಕು.

ನೆಲಕ್ಕೆ ಧಾರಾಳವಾಗಿ ಆಗುತ್ತೆ. 5-6 ಹನಿಯನ್ನು ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಮೊದಲು ಕಲಸಿ, ಆಮೇಲೆ ಬಕೆಟ್ ನೀರಿಗೆ ಹಾಕಿ. ಪರಿಮಳ ಚೆನ್ನಾಗಿರುತ್ತೆ, ಆದರೆ ಫಿನಾಯಿಲ್ ಕೆಲಸ ಇದರಿಂದ ಆಗುತ್ತೆ ಅಂದುಕೊಳ್ಳಬೇಡಿ. ಕಿತ್ತಳೆ ಎಣ್ಣೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಇರೋದು ಲಿಮೋನೀನ್. ಜಿಡ್ಡು, ಗೋಂದು, ಮೇಣ ಎಲ್ಲವನ್ನೂ ಕರಗಿಸುವ ಗುಣ ಅದಕ್ಕಿದೆ. ಹೊಸ ಡಬ್ಬಿಯ ಸ್ಟಿಕರ್ ಕಿತ್ತ ಮೇಲೆ ಉಳಿಯುವ ಅಂಟಿಗೆ ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ಒರೆಸಿ ನೋಡಿ, ಖುಷಿಯಾಗುತ್ತೆ. ಅದೇ ಗುಣದಿಂದ ಮರದ ಪಾಲಿಶ್ ಮಂಕಾಗಬಹುದು, ಮೇಣ ಹಾಕಿ ಹೊಳಪು ತಂದ ಹಳೇ ಕೆಂಪು ನೆಲವೂ ಅಷ್ಟೇ. ಮೂಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಥರ್ಮಾಕೋಲನ್ನಂತೂ ಇದು ತಿಂದುಹಾಕುತ್ತದೆ!

ಪ್ರಶ್ನೆ: ಹಾಸನದಲ್ಲಿ ಕಾಲೇಜು ಓದುತ್ತಿದ್ದೇನೆ. ಮೊಡವೆ ಕಲೆಗೆ ನಿಂಬೆ ಎಣ್ಣೆ ಹಚ್ಚಿ ಅಂತ ವಿಡಿಯೋದಲ್ಲಿ ನೋಡಿದೆ. ಹಚ್ಚಬಹುದಾ?

ಉತ್ತರ: ಬೇಡವೇ ಬೇಡ. ಒತ್ತಿ ತೆಗೆದ ನಿಂಬೆ ಎಣ್ಣೆಯಲ್ಲಿ ಬಿಸಿಲಿಗೆ ಕೆರಳುವ ಅಂಶಗಳಿವೆ. ಅದನ್ನು ಹಚ್ಚಿಕೊಂಡು ಮಧ್ಯಾಹ್ನ ಸ್ಕೂಟಿಯಲ್ಲಿ ಹೋದರೆ ಚರ್ಮ ಸುಟ್ಟ ಹಾಗೆ ಕೆಂಪಾಗಿ, ಗುಳ್ಳೆ ಎದ್ದು, ಕೊನೆಗೆ ಕಪ್ಪು ಮಚ್ಚೆ ತಿಂಗಳುಗಟ್ಟಲೆ ಉಳಿಯಬಹುದು. ಕಲೆ ಹೋಗಲಿ ಅಂತ ಹಚ್ಚಿ ಇನ್ನೊಂದು ಕಲೆ ತಂದುಕೊಂಡ ಹಾಗಾಗುತ್ತೆ. ರಾಮನವಮಿಗೆ ಬಿಸಿಲಲ್ಲಿ ನಿಂತು ಪಾನಕಕ್ಕೆ ರಾಶಿ ನಿಂಬೆಹಣ್ಣು ಹಿಂಡಿದವರ ಕೈ ಮೇಲೂ ಎರಡು ದಿನ ಕಳೆದು ಇಂಥದ್ದೇ ಮಚ್ಚೆ ಏಳೋದುಂಟು, ಕಾರಣ ಗೊತ್ತಿಲ್ಲದೆ ಅಲರ್ಜಿ ಅಂದುಕೊಳ್ಳುತ್ತಾರೆ.

ಸಿಹಿ ಕಿತ್ತಳೆಯ ಎಣ್ಣೆಗೆ ಈ ಬಿಸಿಲಿನ ತೊಂದರೆ ಇಲ್ಲ. ಆದರೂ ಮುಖ ಬಿಡಿ. ಕೈಕಾಲಿಗೆ, ತಲೆಗೆ ಬೇಕಾದರೆ 10 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಹನಿ, ಅಷ್ಟೇ. ಪರಿಮಳ ಸಾಲದು ಅಂತ ಹತ್ತು ಹನಿ ಸುರಿಯಬೇಡಿ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ, ತುರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ನಾನದ ಬಕೆಟ್ಟಿಗೆ ನೇರವಾಗಿ ಹಾಕಬೇಡಿ, ತೇಲುವ ಎಣ್ಣೆ ಮೈಗೆ ಹಾಗೇ ಅಂಟಿ ಉರಿಯುತ್ತದೆ. ಮೊಡವೆ ಕಲೆಗೆ ಚರ್ಮದ ಡಾಕ್ಟರನ್ನೇ ಕೇಳಿ.

ಸೀಸೆ ಹಳೆಯದಾದರೂ ಹುಷಾರು. ಗಾಳಿ ತಾಗಿ ಲಿಮೋನೀನ್ ಕೆಟ್ಟರೆ ಚರ್ಮಕ್ಕೆ ಅಲರ್ಜಿ ತರುತ್ತದೆ. ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ. ತೆರೆದು ಒಂದು ವರ್ಷವಾಗಿದ್ದರೆ, ಇಲ್ಲವೇ ಪೇಂಟ್ ತೆಳು ಮಾಡುವ ಟರ್ಪಂಟೈನ್ ಥರ ವಾಸನೆ ಬಂದರೆ ಮೈಗೆ ಬೇಡ, ಸ್ಟಿಕರ್ ಅಂಟು ತೆಗೆಯೋಕೆ ಇಟ್ಟುಕೊಳ್ಳಿ.

ಪ್ರಶ್ನೆ: ಬಿಸಿನೀರಿಗೆ ಒಂದು ಹನಿ ಹಾಕಿ ಕುಡಿಯಬಹುದಾ? ಮನೆಯಲ್ಲಿ ಬೆಕ್ಕಿದೆ, ಎಣ್ಣೆಯ ಪರಿಮಳ ಗಾಳಿಗೆ ಹರಡುವ ಡಿಫ್ಯೂಸರ್ ಹಾಕಬಹುದಾ?

ಉತ್ತರ: ಎರಡೂ ಬೇಡ. ಕುಡಿಯೋಕೆ ನಿಂಬೆಹಣ್ಣೇ ಇದೆಯಲ್ಲ! ಬೆಕ್ಕಿನ ಲಿವರ್‌ಗೆ ಈ ಎಣ್ಣೆ ಅರಗಿಸೋ ಶಕ್ತಿ ಕಮ್ಮಿ, ಮೈಗೆ ಅಂಟಿದ್ದನ್ನು ನೆಕ್ಕಿದರೂ ವಿಷವಾಗಬಹುದು. ಧೂಪದ ಕೆಂಡಕ್ಕೂ ಹನಿಸಬೇಡಿ, ಹೊತ್ತಿಕೊಳ್ಳುವ ಎಣ್ಣೆ ಇದು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಪ್ರಶ್ನೆ: ಸಕಲೇಶಪುರದ ಕಡೆ ನಮ್ಮ ಕಾಫಿ ತೋಟದಲ್ಲಿ ಕಿತ್ತಳೆ ಗಿಡಗಳಿವೆ. ಸಿಪ್ಪೆಯಿಂದ ಮನೆಯಲ್ಲೇ ಎಣ್ಣೆ ತೆಗೆಯಬಹುದಾ?

ಉತ್ತರ: ರಾಶಿ ಸಿಪ್ಪೆಗೆ ಚೂರೇ ಚೂರು ಎಣ್ಣೆ ಸಿಗೋದು, ಯಂತ್ರ ಇಲ್ಲದೆ ಗಿಟ್ಟೋದಿಲ್ಲ. ಅದರ ಬದಲು ಸಿಪ್ಪೆಯನ್ನು ಗಾಜಿನ ಜಾಡಿಗೆ ತುಂಬಿ, ಮುಳುಗುವಷ್ಟು ಬಿಳಿ ವಿನೆಗರ್ ಹಾಕಿ ಎರಡು ವಾರ ಬಿಡಿ. ಸೋಸಿ ಅಷ್ಟೇ ನೀರು ಬೆರೆಸಿದರೆ ಸ್ಟೀಲ್ ಸಿಂಕು, ನಲ್ಲಿಯ ಬಿಳಿ ಕರೆ ಚೆನ್ನಾಗಿ ಹೋಗುತ್ತೆ. ಅಡುಗೆಮನೆ ಕಟ್ಟೆ ಕಡಪ ಕಲ್ಲಿನದ್ದಾದರೆ ಮಾತ್ರ ಅದಕ್ಕೆ ಸೋಕಿಸಬೇಡಿ. ಕಡಪ ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಹೋಗಿ ಬೆಳ್ಳಗೆ ಮಚ್ಚೆ ಕೂರುತ್ತದೆ, ತಿಕ್ಕಿದರೂ ಹೋಗಲ್ಲ. ಮಾರ್ಬಲ್‌ಗೂ ಹಾಗೇ.