ದೆವ್ವ ಯಾರದೆಂದು ಕೇಳಿದವರಿಗೆ

ಮಾನ್ಯ ಮಾಸ್ತರರೇ,

ಬೀದರಿನಿಂದ ನೀವು ಬರೆದ ಪತ್ರವನ್ನು ಕಲಬುರಗಿಯ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಇಂಗ್ಲಿಷ್ ಕಥೆಗಾರ ಆಲ್ಜರ್ನನ್ ಬ್ಲ್ಯಾಕ್‌ವುಡ್‌ನ ‘ದ ವಿಲೋಸ್’ ಕಥೆಯ ಅನುವಾದವನ್ನು ನಿಮ್ಮ ಓದುಗ ಬಳಗದಲ್ಲಿ ಗಟ್ಟಿಯಾಗಿ ಓದಿಸಿದಿರಂತೆ. ಮುಗಿದ ಮೇಲೆ ಒಬ್ಬರು, “ದೆವ್ವ ಯಾರ್ದು, ಯಾಕ ಬಂತು ಅಂತ ಹೇಳೇ ಇಲ್ಲಲ್ರಿ, ಕಡೀ ಪುಟ ಎಲ್ಲಿ ಹೋಯ್ತು?” ಅಂದರಂತೆ. ಪುಟ ಎಲ್ಲೂ ಹೋಗಿಲ್ಲ. 1907ರ ಮೂಲದಲ್ಲೂ ಕಥೆ ಅಲ್ಲಿಗೇ ನಿಲ್ಲುತ್ತದೆ. ಇದು ಪಾಳು ಕೋಟೆ, ಹಳೇ ಪಾಪ, ದೆವ್ವಗಳ ಗಾಥಿಕ್ ಕಾದಂಬರಿಗಳ ಹಳೇ ಸರಕೇ, ಕಾರಣ ಹೇಳದೆ ಹೆದರಿಸುವ ‘ವಿಲಕ್ಷಣ ಕಥೆ’ ಎಂಬ ಬೇರೆ ಹೆಸರೇಕೆ, ಅಂಥದ್ದು ಬೀದರಿನ ಪಕ್ಕದಲ್ಲಿ ಸುಲ್ತಾನರ ಗೋರಿಗಳಿರುವ ನಮ್ಮ ಅಷ್ಟೂರಲ್ಲೇ ಇದೆಯಲ್ಲ ಎಂಬುದು ನಿಮ್ಮ ತಕರಾರು.

ಅಷ್ಟೂರಿನಿಂದಲೇ ಶುರು ಮಾಡೋಣ. ಬಹಮನಿ ಸುಲ್ತಾನ ಹುಮಾಯೂನ್ ಆಳಿದ್ದು 1458ರಿಂದ 1461ರವರೆಗೆ. ಅಷ್ಟರೊಳಗೇ ‘ಜಾಲಿಮ್’, ಅಂದರೆ ಕ್ರೂರಿ, ಎಂಬ ಹೆಸರು ಅಂಟಿತು. ಅವನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿದೆ. ಅಕ್ಕಪಕ್ಕದ ಗೋರಿಗಳಲ್ಲಿ ಒಳಗೆ ಹೋಗಿ ಕತ್ತೆತ್ತಿ ನೋಡಬೇಕಾದ ಗುಮ್ಮಟದ ಒಳಮೈ ಇಲ್ಲಿ ಹೊರಗೆ ನಿಂತವರಿಗೇ ಕಾಣುತ್ತದೆ, ಗೋಡೆಯ ದಪ್ಪದ ಸಮೇತ. “ಮಾಡಿದ ಪಾಪ ಸುಮ್ಮನೆ ಬಿಟ್ಟೀತೇ” ಎಂದು ಬರೆದಿದ್ದೀರಿ. ಗಾಥಿಕ್‌ನ ಬಂಡವಾಳವೇ ಈ ಮಾತು, ಮಾಸ್ತರರೇ. 1764ರಲ್ಲಿ ಹೊರೇಸ್ ವಾಲ್ಪೋಲ್ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿ ಈ ದಾರಿ ತೆರೆದಾಗ ಮಾಡಿದ್ದೂ ಇದನ್ನೇ. ಮದುವೆಯ ದಿನವೇ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಹುಚ್ಚಾಟ ಅನಿಸುತ್ತದೆ, ಆದರೆ ಅಜ್ಜ ವಿಷವಿಕ್ಕಿ ಕಬಳಿಸಿದ ಸಂಸ್ಥಾನ ಅದೆಂದು ಮುಂದೆ ತಿಳಿಯುತ್ತದೆ. ನಿಜವಾದ ವಾರಸುದಾರ ಸಿಗುತ್ತಾನೆ, ಲೆಕ್ಕ ಚುಕ್ತಾ. ಆ್ಯನ್ ರಾಡ್‌ಕ್ಲಿಫ್‌ಳಂತೂ ದೆವ್ವವನ್ನೇ ಉಳಿಸುವುದಿಲ್ಲ: 1794ರ ಅವಳ ಉಡೋಲ್ಫೊ ಕಾದಂಬರಿಯಲ್ಲಿ ಕರಿ ಪರದೆಯ ಹಿಂದೆ ಇದ್ದದ್ದು ಮೇಣದ ಗೊಂಬೆ.

‘ವಿಲೋಸ್’ನಲ್ಲಿ ಅಂಥ ಅಜ್ಜ ಯಾರೂ ಇಲ್ಲ. ನೆರೆ ಬಂದ ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹುಟ್ಟುಹಾಕುತ್ತ ಬಂದ ಇಬ್ಬರು ಮರಳದಿಬ್ಬವೊಂದರ ಮೇಲೆ ಡೇರೆ ಹಾಕುತ್ತಾರೆ. ಬೆಳಗಾದರೆ ವಿಲೋ ಪೊದೆಗಳು ಡೇರೆಯ ಹತ್ತಿರಕ್ಕೆ ಸರಿದಂತಿವೆ, ಒಂದು ಹುಟ್ಟು ಮಾಯವಾಗಿದೆ, ದೋಣಿಯ ತಳ ಸೀಳಿದೆ, ಮರಳಿನ ತುಂಬ ಆಲಿಕೆಯಾಕಾರದ ಕುಳಿಗಳು. ಕೊನೆಗೆ ಬೇರುಗಳಿಗೆ ಸಿಕ್ಕಿಕೊಂಡ ಯಾರದೋ ಹೆಣದ ಮೈಮೇಲೂ ಅದೇ ಕುಳಿ. ಆ ಇಬ್ಬರು ಯಾರಿಗೂ ಕೇಡು ಬಗೆದವರಲ್ಲ, ಕಾಲಿಡಬಾರದ ಕಡೆ ಕಾಲಿಟ್ಟರು, ಅಷ್ಟೇ. ಸಾಲವೇ ಇಲ್ಲದ ಮೇಲೆ ತೀರಿಸಿ ಪಾರಾಗುವುದು ಹೇಗೆ? ಜಾಲಿಮ್‌ನ ಸಿಡಿಲಿಗಿಂತ ನನಗೆ ಇದೇ ಹೆಚ್ಚು ಹೆದರಿಕೆ ತರಿಸುತ್ತದೆ.

ಹಾಗಂತ ಗಾಥಿಕ್‌ಗೂ ವಿಲಕ್ಷಣ ಕಥೆಗೂ ನೆಂಟಸ್ತಿಕೆ ಇಲ್ಲವೆಂದಲ್ಲ. ನಡುವೆ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಇದ್ದಾನೆ. 1839ರಲ್ಲಿ ಬಂದ ಅಷರ್ ಮನೆತನದ ಕಥೆಯಲ್ಲಿ ಪಾಳುಬಿದ್ದ ಬಂಗಲೆ, ವಂಶದ ಕೊನೆಯ ಕುಡಿ, ನೆಲಮಾಳಿಗೆಯ ಶವ, ಗಾಥಿಕ್ ಸಾಮಾನೆಲ್ಲ ಇದೆ. ಆದರೆ ಆ ಮನೆತನ ಮಾಡಿದ ತಪ್ಪೇನೆಂದು ಪೋ ಬಾಯಿ ಬಿಡುವುದೇ ಇಲ್ಲ. ಅಮೆರಿಕದ ವಿಲಕ್ಷಣ ಕಥೆಗಾರ ಲವ್‌ಕ್ರಾಫ್ಟ್ 1927ರ ತನ್ನ ದೀರ್ಘ ಪ್ರಬಂಧದಲ್ಲಿ ವಾಲ್ಪೋಲ್‌ನಿಂದ ಬ್ಲ್ಯಾಕ್‌ವುಡ್‌ವರೆಗೆ ಎಲ್ಲರನ್ನೂ ಒಂದೇ ವಂಶಾವಳಿಗೆ ಸೇರಿಸಿದ್ದಾನೆ. (ಅವನ ಜನಾಂಗದ್ವೇಷ ಕಥೆಗಳಲ್ಲೂ ಇಣುಕುತ್ತದೆ. ಬಳಗದಲ್ಲಿ ಓದಿಸುವಾಗ ಅದನ್ನು ಮುಚ್ಚಿಡಬೇಡಿ.)

ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ, ವಚನಗಳನ್ನೂ ಈ ಸಾಲಿಗೆ ತರಬಹುದೇ ಎಂದು ಕೇಳಿದ್ದೀರಿ. ಬಸವಕಲ್ಯಾಣದ ನೆರೆಯವರೆಂಬ ಅಭಿಮಾನ ನನಗೂ ಇದೆ, ಆದರೂ ತರಲಾರೆ. ಬೆಡಗು ಎಷ್ಟೇ ಗೂಢವಾಗಿರಲಿ, ಅದಕ್ಕೆ ಟೀಕೆ, ಅಂದರೆ ಅರ್ಥವಿವರಣೆ, ಬರೆದವರಿದ್ದಾರೆ. ಬಲ್ಲವರಿಗೆ ಅದು ಬಿಚ್ಚಿಕೊಳ್ಳುತ್ತದೆ. ಬ್ಲ್ಯಾಕ್‌ವುಡ್‌ನ ಕುಳಿಗಳಿಗೆ ಟೀಕೆ ಬರೆದರೆ ಕಥೆ ಅಲ್ಲೇ ಸತ್ತಿತು.

ನಮ್ಮ ಕಡೆ ವಿಲಕ್ಷಣ ಕಥೆಗೆ ತಕ್ಕ ಜಾಗ ಬೀದರಿನ ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್. ಪರ್ಷಿಯಾದಿಂದ ಬಂದ ವಿದ್ಯೆ, ಬಹಮನಿ ಕಾಲದ್ದು. ಕೆಂಪು ಜಂಬಿಟ್ಟಿಗೆಯಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮೇಲಿಂದ ಬಾವಿ ಇಳಿಸಿ, ಸಣ್ಣ ಇಳಿಜಾರಿನಲ್ಲಿ ಅಂತರ್ಜಲವನ್ನು ಹರಿಸಿಕೊಂಡು ಬಂದಿದ್ದಾರೆ. ಅಲ್ಲಿ ಸುಲ್ತಾನನೂ ಇಲ್ಲ, ಪಾಪವೂ ಇಲ್ಲ. ನಿಮ್ಮ ಬಳಗದವರು ಆ ಬಾವಿಗಳಿಗೆ ಬಗ್ಗಿ ನೋಡಿ ಬಂದು ಒಂದೊಂದು ಕಥೆ ಬರೆಯಲಿ. ಷರತ್ತು ಒಂದೇ: ಶಾಪ, ಹೂತಿಟ್ಟ ಬಂಗಾರ, ಬಾವಿಗೆ ಬಿದ್ದು ಸತ್ತ ಸೊಸೆ ಯಾವುದೂ ಬೇಡ. ಮುಂದಿನ ಸಂಚಿಕೆಗೆ ಪೋ ಕಥೆಯ ಅನುವಾದ ಸಿದ್ಧವಾಗುತ್ತಿದೆ. ಅಷ್ಟರೊಳಗೆ ಕೈ ಸೇರಿದರೆ ಒಳ್ಳೆಯದನ್ನು ಅದರ ಜೊತೆಗೇ ಅಚ್ಚು ಹಾಕುತ್ತೇವೆ.

– ಸಂಪಾದಕ